ಆರ್ವಿಲ್ ಜೇಮ್ಸ್ ವಿಕ್ಟರ್: ಡೈಮ್ ಕಾದಂಬರಿಗಳ ಸಂಪಾದಕನ ಜೀವನ ಮತ್ತು ಕಾರ್ಯ

೧

ಗ್ರಂಥವು ಕವಿಯಿಂದ ಹುಟ್ಟುವುದಾದರೂ ವಾಚಕನ ಕೈಸೇರುವುದಕ್ಕೆ ಕವಿಯೊಬ್ಬನೇ ಕಾರಣನಲ್ಲ. ಪೂರ್ವಕಾಲದಲ್ಲಿ ಕವಿಗೂ ಸಹೃದಯನಿಗೂ ನಡುವೆ ಆಶ್ರಯದಾತನಾದ ರಾಜನೂ ಓಲೆಗಳ ಮೇಲೆ ಪ್ರತಿಮಾಡುವ ಲಿಪಿಕಾರನೂ ಇದ್ದರು. ಮುದ್ರಣಯಂತ್ರವು ಬಂದ ಮೇಲೆ ಆ ಸ್ಥಾನಗಳನ್ನು ಪ್ರಕಾಶಕನೂ ಮುದ್ರಕನೂ ಪಡೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇವರಿಬ್ಬರ ಜೊತೆಗೆ ಮೂರನೆಯವನೊಬ್ಬನು ಪ್ರಾಬಲ್ಯಕ್ಕೆ ಬಂದನು, ಅವನೇ ಸಂಪಾದಕನು. ಅವನು ಗ್ರಂಥವನ್ನು ಬರೆಯುವವನಲ್ಲ, ಅಚ್ಚುಹಾಕುವವನೂ ಅಲ್ಲ. ಬಂದ ಹಸ್ತಪ್ರತಿಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂದು ನಿರ್ಣಯಿಸುವುದೂ, ಗ್ರಾಹ್ಯವಾದುದನ್ನು ತಿದ್ದಿ ಒಂದು ಅಳತೆಗೆ ತರುವುದೂ ಅವನ ಕೆಲಸ. ಸಾಹಿತ್ಯಚರಿತ್ರೆಗಳಲ್ಲಿ ಇಂಥವರ ಹೆಸರು ಅಪರೂಪವಾಗಿ ಕಾಣಿಸುತ್ತದೆ. ಆದರೆ ಒಂದು ಜನಾಂಗದ ಬಹುಸಂಖ್ಯಾತರು ಏನನ್ನು ಓದಿದರು, ಏಕೆ ಅದನ್ನೇ ಓದಿದರು ಎಂದು ವಿಚಾರಮಾಡಹೊರಟರೆ ಇವರನ್ನು ಬಿಟ್ಟು ಮುಂದುವರಿಯುವುದು ಸಾಧ್ಯವಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು ಮೂವತ್ತೈದು ವರ್ಷಗಳ ಕಾಲ ಇಂತಹ ಕಾರ್ಯವನ್ನು ನಡೆಸಿದವನು ಆರ್ವಿಲ್ ಜೇಮ್ಸ್ ವಿಕ್ಟರ್. ಹತ್ತು ಸೆಂಟಿನ ಬೆಲೆಗೆ ಮಾರುತ್ತಿದ್ದ, ‘ಡೈಮ್ ಕಾದಂಬರಿ’ ಎಂದು ಪ್ರಸಿದ್ಧವಾದ ಗ್ರಂಥಮಾಲೆಗೆ ಈತನೇ ಸಂಪಾದಕನಾಗಿದ್ದನು. ಪಂಡಿತರು ಈ ಪುಸ್ತಕಗಳನ್ನು ಬಹುಕಾಲ ಉಪೇಕ್ಷಿಸಿದರು, ಧರ್ಮೋಪದೇಶಕರು ನಿಂದಿಸಿದರು, ಸಾಮಾನ್ಯಜನರು ಲಕ್ಷಗಟ್ಟಲೆಯಾಗಿ ಕೊಂಡು ಓದಿದರು. ವಿಕ್ಟರನ ಜೀವನವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸಿ, ಆತನ ಸಂಪಾದನಕಾರ್ಯದ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿದುವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ವಿಕ್ಟರನು ೧೮೨೭ನೆಯ ಅಕ್ಟೋಬರ್ ೨೩ರಂದು ಒಹಾಯೋ ಸಂಸ್ಥಾನದ ಸ್ಯಾಂಡಸ್ಕಿ ಎಂಬ ಊರಿನಲ್ಲಿ ಜನಿಸಿದನು. ಇದು ಈರೀ ಸರೋವರದ ತೀರದಲ್ಲಿರುವ ರೇವುಪಟ್ಟಣ. ಅದೇ ಸಂಸ್ಥಾನದ ನಾರ್ವಾಕ್ ಎಂಬಲ್ಲಿದ್ದ ಧರ್ಮಶಾಸ್ತ್ರಪಾಠಶಾಲೆಯಲ್ಲಿ ಓದಿ ೧೮೪೭ರಲ್ಲಿ ವ್ಯಾಸಂಗವನ್ನು ಮುಗಿಸಿದನು. ಆತನು ಧರ್ಮೋಪದೇಶಕನ ವೃತ್ತಿಯನ್ನು ಹಿಡಿಯದೆ ಲೇಖನವೃತ್ತಿಗೆ ಬಂದರೂ ಆ ಪಾಠಶಾಲೆಯ ಸಂಸ್ಕಾರವು ಅಳಿಸಿಹೋಗಲಿಲ್ಲವೆಂಬುದನ್ನು ಮುಂದೆ ನೋಡುವೆವು. ೧೮೫೧ರಿಂದ ೧೮೫೬ರ ವರೆಗೆ ಸ್ವಂತ ಊರಿನ ದಿನಪತ್ರಿಕೆಯಾದ ‘ಸ್ಯಾಂಡಸ್ಕಿ ಡೈಲಿ ರಿಜಿಸ್ಟರ್’ನಲ್ಲಿ ಸಹಸಂಪಾದಕನಾಗಿ ಕೆಲಸಮಾಡಿದನು. ಗೊತ್ತಾದ ಹೊತ್ತಿಗೆ, ಗೊತ್ತಾದಷ್ಟು ಸ್ಥಳದಲ್ಲಿ, ಸಾಮಾನ್ಯ ವಾಚಕನಿಗೆ ತಿಳಿಯುವ ಮಾತಿನಲ್ಲಿ ಬರೆದು ಮುಗಿಸುವ ಅಭ್ಯಾಸವನ್ನು ದಿನಪತ್ರಿಕೆಯು ತನ್ನ ಲೇಖಕರಿಗೆ ಬಲವಂತವಾಗಿಯೇ ಕಲಿಸುತ್ತದೆ. ಈ ಶಿಕ್ಷಣವು ವಿಕ್ಟರನಿಗೆ ಮುಂದೆ ಬಹಳ ಪ್ರಯೋಜನಕ್ಕೆ ಬಂದಿತು.

೧೮೫೬ರಲ್ಲಿ ಆತನು ಮೆಟ್ಟಾ ವಿಕ್ಟೋರಿಯಾ ಫುಲ್ಲರ್ ಎಂಬ ಲೇಖಕಿಯನ್ನು ವಿವಾಹವಾದನು. ಈಕೆಯು ೧೮೩೧ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಹುಟ್ಟಿದವಳು. ಈಕೆಯೂ ಅಕ್ಕ ಫ್ರಾನ್ಸಿಸಳೂ ಕೂಡಿ ೧೮೫೧ರಲ್ಲಿ ಒಂದು ಕವಿತಾಸಂಗ್ರಹವನ್ನು ಪ್ರಕಟಿಸಿದ್ದರು. ಮದ್ಯಪಾನದ ಕೇಡನ್ನು ವಿಷಯವಾಗುಳ್ಳ ಒಂದು ಕಾದಂಬರಿಯನ್ನೂ ಮೆಟ್ಟಾ ಹೊರತಂದಿದ್ದಳು. ಫ್ರಾನ್ಸಿಸಳು ಮುಂದೆ ವಿಕ್ಟರನ ಸಹೋದರನನ್ನೇ ಮದುವೆಯಾಗಿ, ಶಾಂತಸಾಗರದ ತೀರಕ್ಕೆ ಹೋಗಿ, ಆ ಭಾಗದ ಇತಿಹಾಸಕಾರಳೆಂದು ಹೆಸರಾದಳು. ಹೀಗೆ ವಿಕ್ಟರನ ಮನೆಯೇ ಲೇಖಕರ ಮನೆಯಾಗಿತ್ತು. ಪತಿಪತ್ನಿಯರು ಒಂದೇ ವ್ಯವಸಾಯದಲ್ಲಿ ತೊಡಗಿದ್ದುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರ ಕೆಲಸದಿಂದ ಬೇರ್ಪಡಿಸಿ ಹೇಳುವುದು ಎಷ್ಟೋ ಕಡೆ ಕಷ್ಟ.

ವಿವಾಹವಾದ ವರ್ಷದಲ್ಲಿಯೇ ವಿಕ್ಟರನು ‘ಕಾಸ್ಮೊಪಾಲಿಟನ್ ಆರ್ಟ್ ಜರ್ನಲ್’ ಎಂಬ ತ್ರೈಮಾಸಿಕದ ಸಂಪಾದಕತ್ವವನ್ನು ವಹಿಸಿದನು. ಸ್ಯಾಂಡಸ್ಕಿಯಲ್ಲಿ ಹುಟ್ಟಿದ ಕಲಾಸಂಘವೊಂದು ಇದನ್ನು ನಡೆಸುತ್ತಿತ್ತು. ವರ್ಷಕ್ಕೆ ಮೂರು ಡಾಲರ್ ಚಂದಾ ಕೊಟ್ಟವರಿಗೆ ಪತ್ರಿಕೆಯೂ ದೊರೆಯುತ್ತಿತ್ತು. ಚೀಟಿ ಎತ್ತುವ ಕ್ರಮದಿಂದ ಚಿತ್ರವನ್ನೋ ಶಿಲ್ಪವನ್ನೋ ಪಡೆಯುವ ಅವಕಾಶವೂ ಇರುತ್ತಿತ್ತು. ಹೈರಮ್ ಪವರ್ಸ್ ಎಂಬ ಶಿಲ್ಪಿಯು ಕಡೆದ ‘ಗ್ರೀಕ್ ದಾಸಿ’ ಎಂಬ ಸುಪ್ರಸಿದ್ಧ ಪ್ರತಿಮೆಯನ್ನು ಈ ಸಂಘವು ೧೮೫೫ರಲ್ಲಿ ಹೀಗೆಯೇ ಹಂಚಿತು. ಶ್ರೀಮಂತರ ಸೌಧಗಳಿಗೆ ಮೀಸಲಾಗಿದ್ದ ಕಲೆಯನ್ನು ಅಲ್ಪದ್ರವ್ಯದಿಂದ ಸಾಮಾನ್ಯ ಗೃಹಸ್ಥನೂ ಪಡೆಯಬಹುದೆಂಬುದು ಇಲ್ಲಿಯ ತತ್ತ್ವ. ವಿಕ್ಟರನು ಮುಂದೆ ಕಥೆಗಳ ವಿಷಯದಲ್ಲಿ ಅನುಸರಿಸಿದ ತತ್ತ್ವವೂ ಇದೇ ಆಗಿದೆ.

೩

ಡೈಮ್ ಎಂದರೆ ಡಾಲರಿನ ಹತ್ತನೆಯ ಒಂದು ಭಾಗದ, ಆ ಕಾಲದಲ್ಲಿ ಬೆಳ್ಳಿಯದಾಗಿದ್ದ ನಾಣ್ಯ. ಇದನ್ನೇ ಬೆಲೆಯಾಗಿ ಇಟ್ಟು ಗ್ರಂಥಮಾಲೆಯನ್ನು ನಡೆಸಬಹುದೆಂದು ಕಂಡುಕೊಂಡವನು ಇರಾಸ್ಟಸ್ ಬೀಡಲ್. ೧೮೨೧ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಕಾದಂಬರಿಕಾರ ಫೆನಿಮೋರ್ ಕೂಪರನ ಊರಾದ ಕೂಪರ್ಸ್‌ಟೌನಿನ ಸಮೀಪದಲ್ಲಿ ಜನಿಸಿದ ಬೀಡಲನು ಅಚ್ಚುಕೂಟದ ಕೆಲಸದಿಂದ ಮೇಲಕ್ಕೆ ಬಂದವನು. ಬಫೆಲೋ ನಗರದಲ್ಲಿ ಮಾಸಪತ್ರಿಕೆಗಳನ್ನು ನಡೆಸಿ ೧೮೫೮ರಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದನು. ಮೊದಲು ಹಾಡುಗಳ ಪುಸ್ತಕವೊಂದನ್ನು ಹತ್ತು ಸೆಂಟಿಗೆ ಮಾರಿ ಲಾಭವನ್ನು ಕಂಡನು. ಬಳಿಕ ಅದೇ ಬೆಲೆಗೆ ಒಂದು ಪೂರ್ಣ ಕಥೆಯನ್ನು ಕೊಡಲು ತೊಡಗಿದನು.

ಈ ಮಾಲೆಯ ಪ್ರಥಮ ಪುಷ್ಪವು ೧೮೬೦ನೆಯ ಜೂನ್ ತಿಂಗಳಿನಲ್ಲಿ ಹೊರಬಿದ್ದಿತು. ಅದು ಆ್ಯನ್ ಸೋಫಿಯಾ ಸ್ಟೀಫನ್ಸ್ ಎಂಬ ಲೇಖಕಿಯ ‘ಮಲೀಸ್ಕಾ’. ಈ ಕಥೆಯು ೧೮೩೯ರಲ್ಲಿಯೇ ಒಂದು ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಪುನಃ ಅಚ್ಚುಮಾಡುವುದಕ್ಕಾಗಿ ಬೀಡಲನು ಲೇಖಕಿಗೆ ೨೫೦ ಡಾಲರುಗಳನ್ನು ಕೊಟ್ಟನು. ಸುಮಾರು ಆರಂಗುಲ ಉದ್ದ, ನಾಲ್ಕಂಗುಲ ಅಗಲ, ನೂರಕ್ಕೂ ಮಿಕ್ಕ ಪುಟಗಳು, ಕಾಗದದ ಹೊದಿಕೆ. ಇದು ಪುಸ್ತಕದ ಸ್ವರೂಪ. ಅಂಗಿಯ ಜೇಬಿನಲ್ಲಿ ಇದನ್ನು ಸುಲಭವಾಗಿ ಇಟ್ಟುಕೊಳ್ಳಬಹುದಾಗಿತ್ತು.

ಮಲೀಸ್ಕಾ ಎಂಬುವಳು ಆ ದೇಶದ ಮೂಲನಿವಾಸಿಗಳ ಕುಲಕ್ಕೆ ಸೇರಿದವಳು. ಈ ಮೂಲನಿವಾಸಿಗಳನ್ನು ಅಂದಿನ ಗ್ರಂಥಗಳು ‘ಇಂಡಿಯನ್ನರು’ ಎಂದು ಕರೆಯುತ್ತಿದ್ದುವು. ಆಕೆಯು ಬಿಳಿಯ ಬೇಟೆಗಾರನೊಬ್ಬನನ್ನು ವರಿಸುತ್ತಾಳೆ. ಎರಡು ಪಕ್ಷಗಳ ಕಲಹದಲ್ಲಿ ಅವನು ಮಡಿಯುತ್ತಾನೆ. ಅವನ ತಂದೆತಾಯಿಗಳು ಮಗುವನ್ನು ಮಾತ್ರ ತಮ್ಮದೆಂದು ಸ್ವೀಕರಿಸುತ್ತಾರೆ. ತಾಯಿಯು ತಾನು ತಾಯಿಯೆಂಬುದನ್ನು ಹೇಳಿಕೊಳ್ಳಲಾರದೆ ದೂರವಾಗುತ್ತಾಳೆ. ಮಗನು ತಾಯಿಯ ಕುಲವನ್ನು ದ್ವೇಷಿಸುತ್ತ ಬೆಳೆದು, ಕೊನೆಗೆ ನಿಜವನ್ನು ತಿಳಿದು ಪ್ರಾಣತ್ಯಾಗ ಮಾಡುತ್ತಾನೆ. ತಾಯಿಯೂ ಅವನ ಸಮಾಧಿಯ ಬಳಿಯಲ್ಲಿ ಅಸುನೀಗುತ್ತಾಳೆ. ಇದರಲ್ಲಿ ಪ್ರಧಾನವಾದುದು ಕರುಣರಸವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಮಾಲೆಯು ಮೊದಲಾದುದು ಪರಾಜಿತ ಕುಲದ ಹೆಣ್ಣೊಬ್ಬಳ ಶೋಕದಿಂದ. ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಆಮೇಲೆ ಹೇಳುವೆವು.

ಅದೇ ವರ್ಷದ ಅಕ್ಟೋಬರಿನಲ್ಲಿ ಎಡ್ವರ್ಡ್ ಎಲ್ಲಿಸ್ ಎಂಬ ಇಪ್ಪತ್ತು ವರ್ಷದ ಶಾಲೆಯ ಉಪಾಧ್ಯಾಯನೊಬ್ಬನು ಬರೆದ ‘ಸೆತ್ ಜೋನ್ಸ್’ ಪ್ರಕಟವಾಯಿತು. ಪುಸ್ತಕವು ಹೊರಬೀಳುವುದಕ್ಕೆ ಮೊದಲೇ ಸೆತ್ ಜೋನ್ಸ್ ಯಾರು ಎಂಬ ಒಂದೇ ಪ್ರಶ್ನೆಯನ್ನು ಕರಪತ್ರಗಳಲ್ಲಿಯೂ ಗೋಡೆಗಳ ಮೇಲೆಯೂ ಪ್ರಚುರಪಡಿಸಿ ಜನರ ಕುತೂಹಲವನ್ನು ಕೆರಳಿಸಲಾಯಿತು. ಲೇಖಕನಿಗೆ ದೊರೆತ ಸಂಭಾವನೆ ೭೫ ಡಾಲರ್. ಪುಸ್ತಕವು ಖರ್ಚಾದುದು ಲಕ್ಷಗಟ್ಟಲೆ ಪ್ರತಿಗಳು. ಅರಣ್ಯಪ್ರಾಂತದ ವೀರ, ಅಪಹೃತೆಯಾದ ಕನ್ಯೆ, ಬೆನ್ನಟ್ಟುವಿಕೆ, ಬಿಡುಗಡೆ, ವೇಷವನ್ನು ಕಳಚಿ ನಿಜರೂಪವನ್ನು ತೋರಿಸುವುದು—ಈ ಕ್ರಮವು ಅಲ್ಲಿಂದ ಮುಂದೆ ನೂರಾರು ಕಥೆಗಳಿಗೆ ಮಾದರಿಯಾಯಿತು.

೪

ವಿಕ್ಟರನು ಬೀಡಲನ ಸಂಸ್ಥೆಯಲ್ಲಿ ಸಂಪಾದಕಪೀಠವನ್ನು ಏರಿದುದು ೧೮೬೧ರಲ್ಲಿ. ಅಷ್ಟು ಹೊತ್ತಿಗೆ ಮೆಟ್ಟಾ ವಿಕ್ಟರಳು ಬೀಡಲನ ಮಾಸಪತ್ರಿಕೆಗೆ ಸಂಪಾದಕಿಯಾಗಿಯೂ, ಮಾಲೆಯ ನಾಲ್ಕನೆಯ ಪುಸ್ತಕವಾದ ‘ಆಲಿಸ್ ವೈಲ್ಡ್’ನ ಕರ್ತೃವಾಗಿಯೂ ಆ ಸಂಸ್ಥೆಗೆ ಪರಿಚಿತಳಾಗಿದ್ದಳು. ವಿಕ್ಟರನೂ ಗರಿಬಾಲ್ಡಿ ಮೊದಲಾದ ಪುರುಷರ ಚರಿತ್ರೆಗಳನ್ನು ಹತ್ತು ಸೆಂಟಿನ ಜೀವನಚರಿತ್ರಮಾಲೆಗೆ ಬರೆದುಕೊಡುತ್ತಿದ್ದನು. ಆದುದರಿಂದ ಮಾಲೆಯನ್ನು ಹುಟ್ಟಿಸಿದ ಕೀರ್ತಿಯು ಬೀಡಲನಿಗೂ, ಅದಕ್ಕೆ ಒಂದು ಶೀಲವನ್ನು ಕೊಟ್ಟ ಕೀರ್ತಿಯು ವಿಕ್ಟರನಿಗೂ ಸಲ್ಲತಕ್ಕದ್ದು.

ಆ ಶೀಲದ ಲಕ್ಷಣಗಳನ್ನು ಸಂಸ್ಥೆಯು ಲೇಖಕರಿಗೆ ಕಳುಹಿಸುತ್ತಿದ್ದ ಸೂಚನಾಪತ್ರದಿಂದ ತಿಳಿಯಬಹುದು. ಅದರ ತಾತ್ಪರ್ಯವಿಷ್ಟು: ಮಾತಿನಲ್ಲಾಗಲಿ ಸನ್ನಿವೇಶದಲ್ಲಾಗಲಿ ಸಭ್ಯರ ಅಭಿರುಚಿಗೆ ವಿರುದ್ಧವಾದುದು ಇರಕೂಡದು. ದುರಾಚಾರದ ಸೋಂಕುಳ್ಳ ವಿಷಯಗಳೂ ಪಾತ್ರಗಳೂ ಕೂಡದು. ನಡೆದ ಸಂಗತಿಯೇ ಆದರೂ ಹೇಳದಿರುವುದು ಮೇಲೆನಿಸುವಂಥದನ್ನು ಹೇಳಕೂಡದು. ಹಿರಿಯರೂ ಕಿರಿಯರೂ ಒಂದೇ ಮನೆಯಲ್ಲಿ ಕುಳಿತು ಓದಿ ಸಂತೋಷಪಡುವಂತಿರಬೇಕು. ಬರೆಹವು ಸ್ವಂತದ್ದಾಗಿರಬೇಕು. ಲೇಖಕನು ತಾನು ವರ್ಣಿಸುವ ದೇಶವನ್ನೂ ಜನರನ್ನೂ ಬಲ್ಲವನಾಗಿರಬೇಕು. ಈ ವಿಧಿನಿಷೇಧಗಳನ್ನು ನೋಡಿದರೆ ನಾರ್ವಾಕಿನ ಪಾಠಶಾಲೆಯ ಸಂಸ್ಕಾರವು ಸ್ಪಷ್ಟವಾಗಿ ಕಾಣುತ್ತದೆ.

ಬರೆಹವು ಸ್ವಂತದ್ದಾಗಿರಬೇಕೆಂಬ ವಿಧಿಯು ಅಂದಿನ ಪರಿಸ್ಥಿತಿಯಲ್ಲಿ ಸಾಮಾನ್ಯವಾದುದಲ್ಲ. ಪರದೇಶದ ಗ್ರಂಥಕರ್ತರ ಹಕ್ಕನ್ನು ಮನ್ನಿಸುವ ಕಾಯಿದೆಯು ಅಮೆರಿಕಾದಲ್ಲಿ ೧೮೯೧ರ ವರೆಗೆ ಇರಲಿಲ್ಲ. ಇಂಗ್ಲೆಂಡಿನ ಕಾದಂಬರಿಗಳನ್ನು ಒಂದು ಕಾಸೂ ಕೊಡದೆ ಅಚ್ಚುಹಾಕಿ ಮಾರುವುದು ಅಲ್ಲಿಯ ಪ್ರಕಾಶಕರಿಗೆ ಸುಲಭವಾದ ಮಾರ್ಗವಾಗಿತ್ತು. ಹೀಗಿರುವಾಗ ಸ್ವದೇಶದ ಲೇಖಕರಿಗೆ ಹಣ ಕೊಟ್ಟು, ಸ್ವದೇಶದ ನದಿ, ಅರಣ್ಯ, ಹೊಲಗಳನ್ನು ವರ್ಣಿಸುವ ಕಥೆಗಳನ್ನೇ ಬರೆಯಿಸಿದುದು ಈ ಮಾಲೆಯ ಹೆಚ್ಚುಗಾರಿಕೆ. ಸಂಭಾವನೆಯು ಅಲ್ಪವೇ ಆದರೂ ಉಪಾಧ್ಯಾಯರು, ಗೃಹಿಣಿಯರು, ಹಳೆಯ ಸೈನಿಕರು ಮೊದಲಾದ ಅನೇಕರಿಗೆ ಲೇಖನಿಯಿಂದ ಜೀವಿಸುವ ದಾರಿಯು ಇದರಿಂದ ತೆರೆಯಿತು.

೫

ವಿಕ್ಟರನು ಪೀಠವನ್ನೇರಿದ ವರ್ಷವೇ ಉತ್ತರ ಮತ್ತು ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧವು ಆರಂಭವಾಯಿತು. ಪಾಳೆಯಗಳಲ್ಲಿ ತಿಂಗಳುಗಟ್ಟಲೆ ಕಾಲ ಕಳೆಯಬೇಕಾದ ಸೈನಿಕನಿಗೆ ಜೇಬಿನಲ್ಲಿ ಹಿಡಿಯುವ ಪುಸ್ತಕವು ಪರಮಮಿತ್ರನಾಯಿತು. ಮಾಲೆಯ ಪುಸ್ತಕಗಳನ್ನು ಮೂಟೆಮೂಟೆಯಾಗಿ ಕಟ್ಟಿ ಸೇನೆಗೆ ಕಳುಹಿಸುತ್ತಿದ್ದರು. ಒಂದೊಂದು ಪ್ರತಿಯೂ ಹರಿದು ಚಿಂದಿಯಾಗುವ ವರೆಗೆ ಕೈಯಿಂದ ಕೈಗೆ ಹೋಗುತ್ತಿತ್ತು. ೧೮೬೪ರಲ್ಲಿ ‘ನಾರ್ತ್ ಅಮೆರಿಕನ್ ರಿವ್ಯೂ’ ಎಂಬ ಗಂಭೀರವಾದ ವಿಮರ್ಶನಪತ್ರಿಕೆಯಲ್ಲಿ ವಿಲಿಯಮ್ ಎವೆರೆಟ್ ಎಂಬ ವಿದ್ವಾಂಸನು ಈ ಮಾಲೆಯನ್ನು ಪರಾಮರ್ಶಿಸಿ, ಆ ವರ್ಷದ ಏಪ್ರಿಲ್ ವೇಳೆಗೆ ಸುಮಾರು ೫೦ ಲಕ್ಷ ಪ್ರತಿಗಳು ಹೊರಬಿದ್ದಿದ್ದುವೆಂದು ತಿಳಿಸಿದನು. ಇವುಗಳಲ್ಲಿ ಉನ್ನತವಾದ ಕಾವ್ಯಗುಣವಿಲ್ಲದಿದ್ದರೂ ನೀತಿದೃಷ್ಟಿಯಿಂದ ಆಕ್ಷೇಪಾರ್ಹವಾದುದೇನೂ ಇಲ್ಲವೆಂಬುದು ಆತನ ಅಭಿಪ್ರಾಯ. ವಿಕ್ಟರನ ವಿಧಿನಿಷೇಧಗಳು ಕಾಗದದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಮೆಟ್ಟಾ ವಿಕ್ಟರಳ ‘ಮಾಮ್ ಗಿನೀ’ ಎಂಬ ಕಾದಂಬರಿಯು ೧೮೬೧ನೆಯ ಡಿಸೆಂಬರಿನಲ್ಲಿ ಪ್ರಕಟವಾಯಿತು. ಲೂಯಿಸಿಯಾನಾ ಸಂಸ್ಥಾನದ ತೋಟವೊಂದರಲ್ಲಿ ಕ್ರಿಸ್ಮಸ್ ಹಬ್ಬದ ಬಿಡುವಿನ ದಿನಗಳಲ್ಲಿ ಗುಲಾಮರು ಒಟ್ಟುಗೂಡಿ ತಮ್ಮ ತಮ್ಮ ಬಾಳಿನ ಕಥೆಗಳನ್ನು ಹೇಳಿಕೊಳ್ಳುವುದು ಇದರ ಸಂವಿಧಾನ. ದಾಸ್ಯಪದ್ಧತಿಯ ವಿಷಯದಲ್ಲಿ ದೇಶವು ರಕ್ತವನ್ನು ಸುರಿಸುತ್ತಿದ್ದ ಕಾಲದಲ್ಲಿ, ಕೂಲಿಯವನೂ ಕೊಳ್ಳಬಹುದಾದ ಬೆಲೆಯಲ್ಲಿ ಇಂಥ ಪುಸ್ತಕವು ಹೊರಬಿದ್ದುದು ಅಲ್ಪಸಂಗತಿಯಲ್ಲ. ಅಧ್ಯಕ್ಷ ಲಿಂಕನ್ನನು ಇದನ್ನು ಓದಿ ಮೆಚ್ಚಿದನೆಂಬ ವಾರ್ತೆಯು ಪ್ರಕಾಶಕರ ಕಡೆಯಿಂದ ಪ್ರಚಾರಕ್ಕೆ ಬಂದುದು. ಅದನ್ನು ಐತಿಹ್ಯವೆಂದು ಗಣಿಸುವುದು ಯುಕ್ತ. ಆ ಪ್ರಶಂಸೆಯಿಲ್ಲದೆಯೂ ಕೃತಿಗೆ ತನ್ನದೇ ಆದ ಬೆಲೆಯುಂಟು.

ಬೀಡಲನ ಸಂಸ್ಥೆಯು ೧೮೬೧ರಲ್ಲಿ ಲಂಡನ್ನಿನಲ್ಲಿಯೂ ಒಂದು ಶಾಖೆಯನ್ನು ತೆರೆಯಿತು. ಆಗ ಇಂಗ್ಲೆಂಡಿನ ಆಳುವ ವರ್ಗದಲ್ಲಿ ದಕ್ಷಿಣದವರ ಪಕ್ಷವಹಿಸುವವರು ಅನೇಕರಿದ್ದರು. ದಕ್ಷಿಣದಿಂದ ಹತ್ತಿಯು ಬಾರದೆ ಲ್ಯಾಂಕಷೈರಿನ ಗಿರಣಿಗಳ ಕೆಲಸಗಾರರು ಕಷ್ಟಕ್ಕೆ ಗುರಿಯಾಗುತ್ತಿದ್ದರು. ಆಂಗ್ಲಜನರನ್ನು ಉದ್ದೇಶಿಸಿ ಉತ್ತರದ ಪಕ್ಷವನ್ನು ಸಮರ್ಥಿಸುವ ಒಂದು ಕಿರುಹೊತ್ತಿಗೆಯನ್ನು ವಿಕ್ಟರನು ಬರೆದು ಲಂಡನ್ನಿನಲ್ಲಿ ಪ್ರಕಟಿಸಿದನು. ಯುದ್ಧವು ಇನ್ನೂ ನಡೆಯುತ್ತಿರುವಾಗಲೇ ಅದರ ರಾಜಕೀಯ ಮತ್ತು ಸೈನಿಕ ಇತಿಹಾಸವನ್ನು ಬರೆಯತೊಡಗಿ ನಾಲ್ಕು ದೊಡ್ಡ ಸಂಪುಟಗಳಲ್ಲಿ ಪೂರೈಸಿದನು. ಯುದ್ಧದ ಉಪಾಖ್ಯಾನಗಳ ಸಂಗ್ರಹವೊಂದನ್ನೂ, ಅಮೆರಿಕಾದಲ್ಲಿ ನಡೆದ ರಾಜದ್ರೋಹಗಳ ಚರಿತ್ರೆಯೊಂದನ್ನೂ, ಲಿಂಕನ್ನನ ಜೀವನಚರಿತ್ರೆಯನ್ನೂ ಅದೇ ಅವಧಿಯಲ್ಲಿ ಹೊರತಂದನು. ಇವೆಲ್ಲವೂ ಆತನ ಹೆಸರನ್ನು ಹೊತ್ತ ಗ್ರಂಥಗಳು. ಇಂದು ಇವುಗಳನ್ನು ತೆರೆದು ನೋಡುವವರು ವಿರಳ. ಆತನ ಹೆಸರಿಲ್ಲದ, ಇತರರು ಬರೆದ, ಆತನು ಕೇವಲ ಆರಿಸಿ ತಿದ್ದಿದ ಕಿರುಪುಸ್ತಕಗಳೇ ಆತನನ್ನು ಚರಿತ್ರೆಯಲ್ಲಿ ಉಳಿಸಿವೆ.

೬

ಲಾಭವಿರುವಲ್ಲಿ ಸ್ಪರ್ಧೆಯೂ ಹುಟ್ಟುವುದು ಸಹಜ. ಬೀಡಲನಲ್ಲಿಯೇ ಕೆಲಸಕ್ಕಿದ್ದ ಜಾರ್ಜ್ ಮನ್ರೋ ಎಂಬುವನು ಹೊರಗೆ ಹೋಗಿ ೧೮೬೩ರ ಸುಮಾರಿಗೆ ಅದೇ ಬೆಲೆಯ ಬೇರೊಂದು ಮಾಲೆಯನ್ನು ತೆಗೆದನು. ಆತನನ್ನು ಅನುಸರಿಸಿ ಮತ್ತೆ ಕೆಲವರು ಬಂದರು. ೧೮೬೪ರಲ್ಲಿ ಸ್ಥಾಪಿತವಾದ ಅಮೆರಿಕನ್ ನ್ಯೂಸ್ ಕಂಪನಿಯು ಊರೂರಿನ ಅಂಗಡಿಗಳಿಗೆ ಎಲ್ಲರ ಪುಸ್ತಕಗಳನ್ನೂ ಹಂಚುತ್ತಿತ್ತು. ಒಂದೇ ಹಲಗೆಯ ಮೇಲೆ, ಒಂದೇ ಆಕಾರದಲ್ಲಿ, ಒಂದೇ ಬೆಲೆಗೆ ಹಲವು ಮಾಲೆಗಳು ಸೇರಿದಾಗ ಕೊಳ್ಳುವವನ ಕಣ್ಣನ್ನು ಸೆಳೆಯುವುದಕ್ಕೆ ಕಥೆಯ ವೇಗವನ್ನು ಹೆಚ್ಚಿಸಬೇಕಾಯಿತು. ಹೊದಿಕೆಯ ಚಿತ್ರವೂ ಉಗ್ರವಾಗಬೇಕಾಯಿತು. ೧೮೭೭ರಲ್ಲಿ ಬೀಡಲನ ಸಂಸ್ಥೆಯೇ ಐದು ಸೆಂಟಿನ ಅರ್ಧಡೈಮ್ ಮಾಲೆಯನ್ನು ಆರಂಭಿಸಿತು. ಅದರ ಮೊದಲನೆಯ ಸಂಚಿಕೆಯಲ್ಲಿ ಎಡ್ವರ್ಡ್ ವೀಲರ್ ಎಂಬುವನು ಸೃಷ್ಟಿಸಿದ ಡೆಡ್‌ವುಡ್ ಡಿಕ್ ಎಂಬ ದರೋಡೆಗಾರನೇ ನಾಯಕನಾಗಿ ಬಂದನು. ೧೮೭೯ರ ಅಂಚೆಯ ಕಾಯಿದೆಯು ನಿಯತಕಾಲಿಕಗಳಿಗೆ ಕಡಮೆ ದರವನ್ನು ಗೊತ್ತುಮಾಡಿದುದರಿಂದ ಪತ್ರಿಕೆಯ ರೂಪದಲ್ಲಿ ಬರುತ್ತಿದ್ದ ಇಂಥ ಮಾಲೆಗಳು ಮತ್ತಷ್ಟು ಹರಡಿದುವು.

ಪ್ರತಿಸ್ಪರ್ಧಿಗಳು ಬಂದಾಗ ತಾವು ಮಾಡಬೇಕಾದುದೇನೆಂದರೆ ಇನ್ನೂ ಒಂದಿಷ್ಟು ಮಂದಿ ಇಂಡಿಯನ್ನರನ್ನು ಕೊಲ್ಲುವುದು ಎಂಬರ್ಥದ ಮಾತೊಂದನ್ನು ವಿಕ್ಟರನು ಆಡಿದನೆಂದು ಆ ದೇಶದ ಸಾಹಿತ್ಯಚರಿತ್ರಕಾರರು ಉದಾಹರಿಸುತ್ತಾರೆ. ಇದನ್ನು ಆತನು ವಿನೋದಕ್ಕೆ ಆಡಿದ್ದಿರಬಹುದು. ಆದರೆ ಇಂತಹ ವಿನೋದವು ಒಂದು ವ್ಯವಸಾಯದ ಮರ್ಮವನ್ನು ಬಿಚ್ಚಿ ತೋರಿಸುತ್ತದೆ. ಎವೆರೆಟ್ಟನು ಈ ಮಾಲೆಯನ್ನು ನಿರ್ದೋಷವೆಂದು ಪ್ರಶಂಸಿಸಿದ ೧೮೬೪ನೆಯ ವರ್ಷದಲ್ಲಿಯೇ, ನವೆಂಬರ್ ೨೯ರಂದು, ಕೊಲರಾಡೋ ಪ್ರಾಂತದ ಸ್ಯಾಂಡ್ ಕ್ರೀಕ್ ಎಂಬಲ್ಲಿ ಸೈನಿಕರು ಶಯೆನ್ ಮತ್ತು ಅರಾಪಹೋ ಕುಲಗಳ ಪಾಳೆಯದ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಡೈಮ್ ಕಾದಂಬರಿಯು ಈ ಹತ್ಯೆಗೆ ಕಾರಣವಾಯಿತೆಂದು ಹೇಳುವುದು ಅತಿವ್ಯಾಪ್ತಿಯಾಗುತ್ತದೆ. ಕಾರಣಗಳು ಭೂಮಿಯ ಮೇಲಣ ಆಶೆ, ಚಿನ್ನದ ಶೋಧ, ರಾಜಕೀಯ ಮೊದಲಾದುವು. ಆದರೂ ಪುಸ್ತಕದಲ್ಲಿ ಪುಟಪುಟಕ್ಕೂ ಹೆಸರಿಲ್ಲದೆ ಬಿದ್ದು ಸಾಯುವ ಜನರು ಹೊರಗೆ ನಿಜವಾಗಿ ಸಾಯುತ್ತಿದ್ದ ಜನರೇ ಆಗಿದ್ದರೆಂಬುದನ್ನು ಮರೆಯುವಂತಿಲ್ಲ. ಕರುಣದಿಂದ ಆರಂಭವಾದ ಮಾಲೆಯು ಸಂಖ್ಯೆಯನ್ನು ಬೆಳೆಯಿಸುವ ವಧೆಗೆ ಬಂದು ನಿಂತುದು ಹೀಗೆ.

೭

ಆದರೆ ಡೈಮ್ ಕಾದಂಬರಿಗಳನ್ನು ನಿಂದಿಸಿದವರು ಈ ದೋಷವನ್ನು ಮುಖ್ಯವಾಗಿ ಎತ್ತಲಿಲ್ಲವೆಂಬುದು ವಿಚಿತ್ರ. ೧೮೭೩ರಲ್ಲಿ ನ್ಯೂಯಾರ್ಕಿನಲ್ಲಿ ದುರಾಚಾರನಿರೋಧಕ ಸಂಘವನ್ನು ಸ್ಥಾಪಿಸಿದ ಆ್ಯಂಟನಿ ಕಾಮ್‌ಸ್ಟಾಕನು ೧೮೮೩ರಲ್ಲಿ ಬಾಲಕರಿಗೆ ಒಡ್ಡಿದ ಬಲೆಗಳೆಂಬ ಅರ್ಥದ ಹೆಸರಿನ ಗ್ರಂಥವನ್ನು ಬರೆದು, ಇಂತಹ ಕಥೆಗಳು ಹುಡುಗರನ್ನು ಕಳ್ಳತನಕ್ಕೂ ಅವಿಧೇಯತೆಗೂ ಎಳೆಯುತ್ತವೆಂದು ಆರೋಪಿಸಿದನು. ವಿಕ್ಟರನ ಪಕ್ಷದವರು ಇದಕ್ಕೆ ಉತ್ತರವಾಗಿ ಮೇಲೆ ಹೇಳಿದ ಸೂಚನಾಪತ್ರವನ್ನೇ ಮುಂದಿಟ್ಟರು. ಇಬ್ಬರ ವಾದವೂ ಒಂದೇ ಭೂಮಿಕೆಯ ಮೇಲೆ ನಿಂತಿತ್ತು. ಓದುವ ಬಾಲಕನ ಶೀಲಕ್ಕೆ ಹಾನಿಯಾಗುವುದೇ ಎಂಬುದು ಅವರ ಪ್ರಶ್ನೆ. ಕಥೆಯಲ್ಲಿ ಚಿತ್ರಿತರಾದ ಜನರಿಗೆ ಅನ್ಯಾಯವಾಗುವುದೇ ಎಂಬ ಪ್ರಶ್ನೆಯನ್ನು ಅವರಲ್ಲಿ ಯಾರೂ ಕೇಳಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ಆಲಂಕಾರಿಕರ ಪರಿಭಾಷೆಯು ಸಹಾಯಕ್ಕೆ ಬರುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಔಚಿತ್ಯವನ್ನು ಪದ, ವಾಕ್ಯ, ಪ್ರಬಂಧಾರ್ಥ, ಗುಣ, ಅಲಂಕಾರ, ರಸ ಮೊದಲಾದ ಅನೇಕ ಸ್ಥಾನಗಳಲ್ಲಿ ಪರೀಕ್ಷಿಸುತ್ತಾನೆ. ಒಂದು ಸ್ಥಾನದಲ್ಲಿ ಔಚಿತ್ಯವಿದ್ದ ಮಾತ್ರದಿಂದ ಮತ್ತೊಂದರಲ್ಲಿ ಅದು ತಾನಾಗಿಯೇ ಸಿದ್ಧಿಸುವುದಿಲ್ಲ. ವಿಕ್ಟರನು ಪದದಲ್ಲಿಯೂ ಸನ್ನಿವೇಶದಲ್ಲಿಯೂ ಔಚಿತ್ಯವನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾದನು. ಅಶ್ಲೀಲವಾದ ಒಂದು ಶಬ್ದವೂ ಆತನ ಕೈಯಿಂದ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಆದರೆ ರಸದ ಔಚಿತ್ಯವನ್ನು ಆತನ ವಿಧಿನಿಷೇಧಗಳು ಮುಟ್ಟಲೇ ಇಲ್ಲ. ವೀರರಸಕ್ಕೆ ಆಲಂಬನನಾದ ಪ್ರತಿನಾಯಕನೂ ಶೌರ್ಯಗೌರವಗಳುಳ್ಳವನಾಗಿರಬೇಕು. ರಾವಣನು ಅಲ್ಪನಾದರೆ ರಾಮನ ವಿಜಯವೂ ಅಲ್ಪವಾಗುತ್ತದೆ. ಎದುರಾಳಿಯನ್ನು ಕೇವಲ ಬೇಟೆಯ ಮೃಗದಂತೆ ಎಣಿಸಿದಲ್ಲಿ ಉತ್ಸಾಹವು ಸ್ಥಾಯಿಯಾಗಿ ಉಳಿಯದೆ ಹಿಂಸೆಯ ರುಚಿಯೊಂದೇ ಉಳಿಯುತ್ತದೆ. ಅದು ರಸವಲ್ಲ, ರಸಾಭಾಸ. ಶಯ್ಯಾಗೃಹದ ಬಾಗಿಲನ್ನು ಮುಚ್ಚಿಸಿದ ನಿಯಮವು ವಧೆಯ ಬಾಗಿಲನ್ನು ತೆರೆದೇ ಇಟ್ಟಿತು. ಪಾಠಶಾಲೆಯ ಸಂಸ್ಕಾರವು ಶೀಲವೆಂದರೆ ಇಷ್ಟೇ ಎಂದು ಆತನಿಗೆ ಕಲಿಸಿದ್ದುದರಿಂದ ಆತನ ಬಲವೂ ದೌರ್ಬಲ್ಯವೂ ಅಲ್ಲಿಂದಲೇ ಬಂದುವೆಂದು ಹೇಳಬೇಕಾಗಿದೆ.

ಆತನು ಕ್ರೂರಿಯಾಗಿದ್ದನೆಂದು ಇದರಿಂದ ಅರ್ಥಮಾಡಬಾರದು. ಗುಲಾಮರ ದುಃಖವನ್ನು ಹೇಳುವ ಕಥೆಯು ಹೊರಬಿದ್ದುದು ಆತನು ಸಂಪಾದಕನಾಗಿದ್ದ ಮಾಲೆಯಲ್ಲಿಯೇ. ಒಂದು ಜನಾಂಗದ ವಿಷಯದಲ್ಲಿ ತೆರೆದ ಕಣ್ಣು ಇನ್ನೊಂದು ಜನಾಂಗದ ವಿಷಯದಲ್ಲಿ ಮುಚ್ಚಿರುವುದು ಸಾಧ್ಯ. ಮಾರುಕಟ್ಟೆಯ ಒತ್ತಾಯವೂ ಅದಕ್ಕೆ ಸೇರಿದರೆ ಮುಚ್ಚಿದ ಕಣ್ಣು ಮುಚ್ಚಿಯೇ ಇರುತ್ತದೆ.

೮

ವಿಕ್ಟರ್ ದಂಪತಿಗಳು ನ್ಯೂಜರ್ಸಿ ಸಂಸ್ಥಾನದ ಹೋಹೋಕಸ್ ಎಂಬ ಗ್ರಾಮದಲ್ಲಿ ಮನೆಯನ್ನು ಮಾಡಿಕೊಂಡು ಒಂಬತ್ತು ಮಂದಿ ಮಕ್ಕಳನ್ನು ಪಡೆದರು. ಇಷ್ಟು ದೊಡ್ಡ ಸಂಸಾರದ ನಡುವೆಯೂ ಮೆಟ್ಟಾ ಬರೆಯುವುದನ್ನು ನಿಲ್ಲಿಸಲಿಲ್ಲ. ಸೀಲೀ ರೆಜೆಸ್ಟರ್ ಎಂಬ ಗುಪ್ತನಾಮದಿಂದ ಆಕೆಯು ಬರೆದ ‘ಡೆಡ್ ಲೆಟರ್’ ೧೮೬೬ರಲ್ಲಿ ಬೀಡಲನ ಮಾಸಪತ್ರಿಕೆಯಲ್ಲಿ ಕಂತುಗಳಾಗಿ ಬಂದು, ಅನಂತರ ಪುಸ್ತಕವಾಯಿತು. ಅಮೆರಿಕಾದಲ್ಲಿ ಪೂರ್ಣಪ್ರಮಾಣದ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದೆಂದು ವಿದ್ವಾಂಸರು ಎಣಿಸುತ್ತಾರೆ. ಆಕೆಯು ೧೮೮೫ರಲ್ಲಿ ಮೃತಳಾದಳು. ಇರಾಸ್ಟಸ್ ಬೀಡಲನು ೧೮೯೪ರಲ್ಲಿ ಕಾಲವಾದನು. ಆ ಶತಮಾನವು ಮುಗಿಯುವುದಕ್ಕೆ ಮೊದಲೇ ಸಂಸ್ಥೆಯೂ ಮುಚ್ಚಿಹೋಯಿತು. ವಿಕ್ಟರನ ಸಂಪಾದಕತ್ವವೂ ಅಲ್ಲಿಗೆ ಕೊನೆಗಂಡಿತು.

ಮುಪ್ಪಿನಲ್ಲಿ ಆತನಿಗೆ ತನ್ನ ಕಾರ್ಯವನ್ನು ಸಮರ್ಥಿಸಿಕೊಳ್ಳುವ ಅವಕಾಶವೂ ಒದಗಿತು. ೧೯೦೭ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಚಾರ್ಲ್ಸ್ ಹಾರ್ವೆ ಎಂಬುವನು ಅಮೆರಿಕಾದ ಜೀವನದಲ್ಲಿ ಡೈಮ್ ಕಾದಂಬರಿಯ ಸ್ಥಾನವೇನೆಂಬುದನ್ನು ಕುರಿತು ಲೇಖನವನ್ನು ಬರೆದನು. ಹುಡುಗರು ಹುಲ್ಲಿನ ಮೆದೆಯ ಹಿಂದೆ ಅವಿತು ಓದುತ್ತಿದ್ದ ಪುಸ್ತಕಗಳು ಆಗ ಚರಿತ್ರೆಯ ವಿಷಯವಾಗತೊಡಗಿದ್ದುವು. ವಿಕ್ಟರನು ೧೯೧೦ನೆಯ ಮಾರ್ಚ್ ೧೪ರಂದು, ತನ್ನ ಎಂಬತ್ತಮೂರನೆಯ ವರ್ಷದಲ್ಲಿ, ಹೋಹೋಕಸಿನಲ್ಲಿ ದೇಹವನ್ನು ಬಿಟ್ಟನು.

ಆತನ ಕಾಲಾನಂತರದಲ್ಲಿ ಈ ಪುಸ್ತಕಗಳಿಗೆ ಬಂದ ಗೌರವವು ಗಮನಾರ್ಹವಾದುದು. ೧೯೨೨ರಲ್ಲಿ ಫ್ರ್ಯಾಂಕ್ ಓಬ್ರಿಯನ್ ಎಂಬುವನು ತಾನು ಸಂಗ್ರಹಿಸಿದ್ದ ಡೈಮ್ ಕಾದಂಬರಿಗಳನ್ನು ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರಕ್ಕೆ ಒಪ್ಪಿಸಿದನು. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಶಿಲಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆಲ್ಬರ್ಟ್ ಜೊಹಾನ್ಸನ್ನನು, ಶಿಲೆಗಳನ್ನು ವರ್ಗೀಕರಿಸಿದ ಶ್ರದ್ಧೆಯಿಂದಲೇ ಬೀಡಲನ ಸಂಸ್ಥೆಯ ಪ್ರತಿಯೊಂದು ಮಾಲೆಯನ್ನೂ ಪ್ರತಿಯೊಬ್ಬ ಲೇಖಕನನ್ನೂ ಪಟ್ಟಿಮಾಡಿ ೧೯೫೦ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಆತನ ಸಂಗ್ರಹವು ಈಗ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿದ್ದು, ಗಣಕಯಂತ್ರದ ಮೂಲಕ ಯಾರಾದರೂ ಓದಬಹುದಾದ ಸ್ಥಿತಿಗೆ ಬಂದಿದೆ.

೯

ವಿಕ್ಟರನ ಚರಿತ್ರೆಯಿಂದ ಸಾಹಿತ್ಯಚರಿತ್ರಕಾರರು ಗ್ರಹಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ಮಹಾಕವಿಗಳ ಪರಂಪರೆಯನ್ನು ಮಾತ್ರ ಹೇಳುವ ಚರಿತ್ರೆಯು ಒಂದು ಕಾಲದ ಮನಸ್ಸನ್ನು ಪೂರ್ಣವಾಗಿ ತಿಳಿಸಲಾರದು. ಐವತ್ತು ಲಕ್ಷ ಪ್ರತಿಗಳು ಖರ್ಚಾದ ಮಾಲೆಯನ್ನು ಕಾವ್ಯಗುಣವಿಲ್ಲವೆಂದು ಬಿಟ್ಟರೆ, ಆ ಪುಸ್ತಕಗಳನ್ನು ಓದಿ ಲೋಕವನ್ನು ತಿಳಿದುಕೊಂಡ ಜನರನ್ನೇ ಬಿಟ್ಟಂತಾಗುತ್ತದೆ. ಎರಡನೆಯದಾಗಿ, ಸಂಪಾದಕನ ಹೊಣೆಯು ಅವನು ತೆಗೆದುಹಾಕಿದ ಮಾತುಗಳಿಂದ ತೀರುವುದಿಲ್ಲ. ಅವನು ಉಳಿಯಗೊಟ್ಟ ಮಾತುಗಳಿಗೂ ಅವನೇ ಉತ್ತರವಾದಿ. ಅಸಭ್ಯವಾದುದನ್ನು ಗುರುತಿಸುವುದು ಸುಲಭ, ಏಕೆಂದರೆ ಅದರ ವಿಷಯದಲ್ಲಿ ಸಮಾಜವು ಮೊದಲೇ ಎಚ್ಚರಗೊಂಡಿರುತ್ತದೆ. ಸಮಾಜವು ಯಾವುದನ್ನು ಸಹಜವೆಂದು ಅಂಗೀಕರಿಸಿದೆಯೋ ಅಲ್ಲಿ ಅಡಗಿರುವ ಅನ್ಯಾಯವನ್ನು ಗುರುತಿಸುವುದು ಕಷ್ಟ. ವಿಕ್ಟರನು ಮೊದಲನೆಯದನ್ನು ಮೂವತ್ತೈದು ವರ್ಷ ನಿಷ್ಠೆಯಿಂದ ನಡೆಸಿದನು. ಎರಡನೆಯದು ಆತನಿಂದ ಆಗಲಿಲ್ಲ.

ತರಗತಿಗಳಲ್ಲಿ ಸಾಹಿತ್ಯವನ್ನು ಪಾಠಹೇಳುವವರೂ ಒಂದು ಅರ್ಥದಲ್ಲಿ ಸಂಪಾದಕರೇ. ಯಾವ ಭಾಗವನ್ನು ಓದಿಸಬೇಕು, ಯಾವುದನ್ನು ಬಿಡಬೇಕೆಂದು ಅವರು ದಿನವೂ ನಿರ್ಣಯಿಸುತ್ತಾರೆ. ಪಾಠ್ಯಭಾಗದಿಂದ ಒಂದು ಶ್ಲೋಕವನ್ನು ಸಭ್ಯತೆಯ ದೃಷ್ಟಿಯಿಂದ ಬಿಡುವಾಗ ನಾವು ಪಡುವಷ್ಟು ಯೋಚನೆಯನ್ನು, ಬಿಡದೆ ಓದಿಸುವ ಭಾಗಗಳಲ್ಲಿ ಯಾರು ಹೇಗೆ ಚಿತ್ರಿತರಾಗಿದ್ದಾರೆಂಬ ವಿಷಯದಲ್ಲಿಯೂ ಪಡುವುದು ಉಚಿತವೆಂದು ವಿದ್ವಾಂಸರಲ್ಲಿ ನಿವೇದಿಸಿ ಈ ಲೇಖನವನ್ನು ಮುಗಿಸುತ್ತೇನೆ.